ಹದಿನೈದನೇ ಹುಡುಗಿ

ಆಂಡಾಳ್: ಆ ಹುಡುಗೀನ ಮೊದಲು ನೋಡಿದ್ದು ನಾನು ಕಣ್ರೀ.

ನಾನು: ನೋಡಿದ್ದು ನೀನೇ ಇರಬಹುದು. ಮಾತಾಡಿಸಿದ್ದು ನಾನು.

ಆಂಡಾಳ್: ಏನಂತ ಮಾತಾಡಿಸಿದ್ರಿ? "ನಿಮ್ಮನೇಲಿ ನೀರು ಬಂತಾಮ್ಮಾ" ಅಂತ.

ನಾನು: ಸಂದರ್ಶನ ಶುರು ಮಾಡೋದೇ ಹಾಗೆ. ಮೊದಲು ಸುಲಭದ ಪ್ರಶ್ನೆ ಕೇಳಬೇಕು. ಪಠ್ಯದಲ್ಲೇ ಇದೆ.

ಆಂಡಾಳ್: ಅವಳೇನಂದ್ಲು?

ನಾನು: ಬಂತು ಅಂದ್ಲು.

ಆಂಡಾಳ್: ಆಮೇಲೆ?

ನಾನು: ಆಮೇಲೇನು, ನೀರು ಬಂದಿತ್ತಲ್ಲ. ಮೋಟರ್ ಹಾಕೋಕೆ ಓಡಿ ಬಂದೆ.

ನಡುವಯಸ್ಸು ದಾಟುತ್ತಿರುವ ಗಂಡ ಹೆಂಡತಿ ಒಂದು ಹುಡುಗಿಗಾಗಿ ಹೀಗೆ ಕಿತ್ತಾಡುವುದನ್ನು ಕೇಳಿದವರು, ಮಗನಿಗೆ ಹೆಣ್ಣು ನೋಡುತ್ತಿದ್ದಾರೆ ಎಂದುಕೊಳ್ಳಬೇಕು. ನಮಗೆ ಮಗನಿಲ್ಲ. ನಾವು ಹುಡುಕುತ್ತಿದ್ದದ್ದು ವಿದ್ಯಾರ್ಥಿಯನ್ನು.

ನಾನು ವರದರಾಜ. ಚಾಮರಾಜಪೇಟೆಯ ಒಂದು ಪುಟ್ಟ ಕಾಲೇಜಿನಲ್ಲಿ ಬಿ.ಎ. ಪತ್ರಿಕೋದ್ಯಮ ಕಲಿಸುತ್ತೇನೆ. ನನ್ನ ಹೆಂಡತಿ ಆಂಡಾಳ್ ಅದೇ ಕಾಲೇಜಿನ ಎದುರು ಕೋಣೆಯಲ್ಲಿ ಬಿ.ಬಿ.ಎ. ಮಕ್ಕಳಿಗೆ ಮಾಹಿತಿ ತಂತ್ರಜ್ಞಾನ ನಿರ್ವಹಣೆ ಕಲಿಸುತ್ತಾಳೆ. ಎಲ್ಲರೂ ಅದನ್ನು ಐಟಿ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಇಬ್ಬರೂ ಅತಿಥಿ ಉಪನ್ಯಾಸಕರು, ಹನ್ನೊಂದು ವರ್ಷದಿಂದ ಅತಿಥಿಗಳು. ಬೇರೆ ಯಾರದಾದರೂ ಮನೆಯಲ್ಲಿ ಇಷ್ಟು ಕಾಲ ಅತಿಥಿಯಾಗಿದ್ದರೆ ನಮಗೇ ನಾಚಿಕೆಯಾಗಿ ಎದ್ದು ಬರುತ್ತಿದ್ದೆವು.

ಈ ವರ್ಷ ಆಡಳಿತ ಮಂಡಳಿಯಿಂದ ಸುತ್ತೋಲೆ ಬಂತು. ಮೊದಲ ವರ್ಷಕ್ಕೆ ಹದಿನೈದು ಮಂದಿ ಸೇರದಿದ್ದರೆ ಆ ಕೋರ್ಸು ನಡೆಯುವುದಿಲ್ಲ, ಅದರ ಅತಿಥಿ ಉಪನ್ಯಾಸಕರು ಬರಬೇಕಾಗಿಲ್ಲ. ನನ್ನ ಕೋರ್ಸಿಗೆ ಹದಿನಾಲ್ಕು ಮಂದಿ ಸೇರಿದ್ದರು. ಅವಳ ಕೋರ್ಸಿಗೂ ಹದಿನಾಲ್ಕು. ಮರುದಿನ ಸಂಜೆ ನಾಲ್ಕಕ್ಕೆ ಪ್ರವೇಶ ಮುಗಿಯುತ್ತಿತ್ತು. ನಮಗೆ ಗೊತ್ತಿದ್ದಂತೆ ಇನ್ನೂ ಎಲ್ಲೂ ಸೇರದೆ ಉಳಿದವಳು ಎದುರು ಮನೆಯ ಅಕ್ಷಯಾ ಒಬ್ಬಳೇ. ಅವಳು ನನ್ನ ಕಡೆ ಬಂದರೆ ಆಂಡಾಳ್ ಮನೆಯಲ್ಲಿ, ಅವಳ ಕಡೆ ಹೋದರೆ ನಾನು ಮನೆಯಲ್ಲಿ.

ಆಂಡಾಳ್: ನಿಮ್ಮ ಜರ್ನಲಿಸಂ ಓದಿ ಆ ಮಗು ಏನು ಮಾಡಬೇಕು?

ನಾನು: ಸುದ್ದಿ ಬರೀತಾಳೆ.

ಆಂಡಾಳ್: ನಿಮ್ಮ ಮಕ್ಕಳ ಕೈಲಿ ತರಿಸ್ತೀರಲ್ಲ, ಆ ಪತ್ರಿಕೇಲಿ ಗಣೇಶನ ಹಬ್ಬದ ಸುದ್ದಿ ಬಂದಾಗ ಇಲ್ಲಿ ಯುಗಾದಿಗೆ ಒಬ್ಬಟ್ಟು ತಟ್ತಾ ಇದ್ವಿ.

ನಾನು: ಅದನ್ನ ಹಿಂದಿನ ಗಣೇಶನಿಗೆ ತಡ ಅಂತ ಯಾಕೆ ನೋಡ್ತೀಯ? ಮುಂದಿನ ಗಣೇಶನಿಗೆ ಎಷ್ಟು ಬೇಗ ಬಂತು ನೋಡು. ನಿನ್ನ ಲ್ಯಾಬಲ್ಲಿ ಎಂಟು ಕಂಪ್ಯೂಟರ್. ಅದರಲ್ಲಿ ಮೂರು ಇರೋದು ಆಯುಧಪೂಜೆ ದಿನ ಕುಂಕುಮ ಇಡೋಕೆ ಮಾತ್ರ.

ಆಂಡಾಳ್: ಮಿಕ್ಕಿದ್ದು ಐದು ಓಡ್ತವಲ್ಲ?

ನಾನು: ದೊಡ್ಡ ದೊಡ್ಡ ಕಂಪನಿಗಳ ಗೋಡೌನಲ್ಲಿ ಯಾವ ಸಾಮಾನು ಯಾವತ್ತು ಮುಗಿಯುತ್ತೆ ಅಂತ ಮುಂಚೇನೇ ಕಂಡುಹಿಡಿಯೋ ವಿದ್ಯೆ ಕಲಿಸ್ತೀಯ. ಇವತ್ತು ಬೆಳಿಗ್ಗೆ ಡಬ್ಬಿ ಮುಚ್ಚಳ ತೆಗೆಯೋ ತನಕ ಕಾಫಿಪುಡಿ ಮುಗಿದಿದ್ದು ಗೊತ್ತಿತ್ತಾ?

ಆಂಡಾಳ್: ಪಕ್ಕದ ಮನೇಲಿ ಕಳ್ಳತನ ಆಗಿದ್ದು ನಿಮಗೆ ಯಾವತ್ತು ಗೊತ್ತಾಯ್ತು?

ನಾನು: ಮೂರನೇ ದಿನ.

ಆಂಡಾಳ್: ಯಾರು ಹೇಳಿದ್ರು?

ನಾನು: ನೀನು.

ನಾನು ಪೇಪರ್ ತೆಗೆದು ಮುಖಕ್ಕೆ ಅಡ್ಡ ಹಿಡಿದೆ. ಅದು ನಿನ್ನೆಯದು ಎಂದು ಅವಳು ಹೇಳಿದಳು.

ಅಷ್ಟರಲ್ಲಿ ಫೋನ್ ಬಂತು. ಅಕ್ಷಯಾಳ ತಾಯಿ ದಾಕ್ಷಾಯಣಮ್ಮ. ಮಗಳಿಗೆ ಏನು ಓದಿಸಬೇಕೋ ತಿಳಿಯುತ್ತಿಲ್ಲ, ನೀವಿಬ್ಬರೂ ಒಂದೇ ಮನೆಯಲ್ಲಿದ್ದೀರಿ, ಒಂದೇ ಸಲಕ್ಕೆ ಎರಡೂ ಕೇಳಿಕೊಂಡು ಹೋಗುತ್ತೇವೆ, ನಾಲ್ಕು ಗಂಟೆಗೆ ಬರಬಹುದೇ ಎಂದರು. ಆಂಡಾಳ್ ಫೋನಿಟ್ಟವಳೇ ಒಂದು ಹಾಳೆ ತೆಗೆದುಕೊಂಡಳು. ಅವಳು ಹಾಳೆ ತೆಗೆದುಕೊಳ್ಳದೆ ಯಾವ ಕೆಲಸವನ್ನೂ ಮಾಡುವುದಿಲ್ಲ. ನಮ್ಮ ಮದುವೆಗೆ ಒಪ್ಪುವ ಮುಂಚೆಯೂ ಹಾಳೆಯ ಮಧ್ಯೆ ಗೆರೆ ಎಳೆದು ನನ್ನ ಅನುಕೂಲ, ಅನಾನುಕೂಲಗಳನ್ನು ಬರೆದಿದ್ದಳಂತೆ. ಎಡಗಡೆ ಏನಿತ್ತು ಎಂದು ಇವತ್ತಿನವರೆಗೂ ಹೇಳಿಲ್ಲ. ಬಲಗಡೆಯದನ್ನು ಆಗಾಗ ಹೇಳುತ್ತಿರುತ್ತಾಳೆ.

ಆಂಡಾಳ್: ನಿಯಮ ಒಂದು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಟೈಮರ್ ಇಡ್ತೀನಿ.

ನಾನು: ಸರಿ.

ಆಂಡಾಳ್: ಎರಡು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಹತ್ತಿರ ಸುಳೀಬಾರದು. ನನ್ನ ಸರದೀಲಿ ನೀವು ಟೆರೇಸಿಗೆ ಹೋಗಿ. ನಿಮ್ಮ ಸರದೀಲಿ ನಾನು ಅಡುಗೆಮನೇಲಿ ಬಾಗಿಲು ಹಾಕ್ಕೊಂಡಿರ್ತೀನಿ.

ನಾನು: ಮೂರು?

ಆಂಡಾಳ್: ಮೂರು. ನಾಳೆ ನಾಲ್ಕು ಗಂಟೆ ತನಕ ಯಾರು ಏನು ಹೇಳಿದ್ರು ಅಂತ ಇನ್ನೊಬ್ಬರು ಕೇಳೋ ಹಾಗಿಲ್ಲ. ಸೈನ್ ಮಾಡಿ.

ಸಹಿ ಮಾಡಿದೆ. ನಾಲ್ಕಕ್ಕೆ ಸರಿಯಾಗಿ ತಾಯಿ ಮಗಳು ಬಂದರು. ದಾಕ್ಷಾಯಣಮ್ಮನವರ ಯಜಮಾನರು ಶಂಭುಲಿಂಗಪ್ಪನವರು ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ವ್ಯಾಪಾರಿಗಳು. ಅವರ ಜೊತೆ ಮೂವತ್ತು ವರ್ಷ ಬಾಳಿ ಈಕೆಗೆ ಒಂದು ಅಭ್ಯಾಸ ಬಂದಿದೆ. ಯಾರು ಏನು ಹೇಳಿದರೂ ಹೆಬ್ಬೆರಳಿಗೆ ತೋರುಬೆರಳು ತಿಕ್ಕುತ್ತಾ ಕೇಳುತ್ತಾರೆ. ಬೇಳೆಗೆ ಎಣ್ಣೆ ಸವರಿದ್ದಾರೋ ಇಲ್ಲವೋ ಎಂದು ನೋಡುವವರ ಹಾಗೆ.

ಮೊದಲ ಸರದಿ ಆಂಡಾಳ್‌ದು. ನಾನು ಒಪ್ಪಂದದಂತೆ ಟೆರೇಸಿಗೆ ಹೋದೆ. ಹೋಗಬಾರದಿತ್ತು. ಅಲ್ಲಿ ಹಗ್ಗದ ತುಂಬ ಪರದೆಗಳು ಒಣಗುತ್ತಿದ್ದವು.

ಆಂಡಾಳ್ ಅಳುವವಳಲ್ಲ. ಸಂಕಟವಾದರೆ ಪರದೆ ಒಗೆಯುತ್ತಾಳೆ. ಎರಡು ವರ್ಷದ ಹಿಂದೆ ಕೆಲಸ ಕಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಬಿಟ್ಟುಹೋದ ದಿನ ಹಾಲಿನ ಎರಡು ಪರದೆ ಒಗೆದಿದ್ದಳು. ಈಗ ನೋಡಿದರೆ ಮನೆಯ ಐದೂ ಕಿಟಕಿಯವು, ದೇವರ ಕೋಣೆಯದು, ಸಾಲದ್ದಕ್ಕೆ ಕೆಳಗಿನ ಮನೆ ಶಕುಂತಲಮ್ಮನವರದೂ ಎರಡು. ಯಾವಾಗ ಎದ್ದು ಒಗೆದಳೋ. ಬೆಳಿಗ್ಗೆಯಿಂದ ಅದೇ ಮನೆಯಲ್ಲಿ ಕೂತಿದ್ದ ನನಗೆ ಕಿಟಕಿಗಳು ಬೋಳಾಗಿರುವುದು ಕಂಡಿರಲಿಲ್ಲ. ಸೂಕ್ಷ್ಮವಾಗಿ ಗಮನಿಸುವುದು ಹೇಗೆ ಎಂಬ ಪಾಠವನ್ನು ಎರಡನೇ ಸೆಮಿಸ್ಟರಿಗೆ ಮಾಡುವವನು ನಾನೇ.

ಆ ಪರದೆಗಳ ನಡುವೆ ನಿಂತು ಯೋಚಿಸಿದೆ. ಅವಳಿಗೆ ಪಾಠ ಮಾಡುವುದೆಂದರೆ ಜೀವ. ಮನೆಗೆ ಬಂದು ಯಾವ ಹುಡುಗ ಏನು ಕೇಳಿದ, ಯಾವ ಹುಡುಗಿಗೆ ಯಾವ ಲೆಕ್ಕ ಹೊಳೆಯಿತು ಎಂದು ಹೇಳುತ್ತಾ ತರಕಾರಿ ಹೆಚ್ಚುತ್ತಾಳೆ. ನನ್ನ ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಗಂಟೆ ಹೊಡೆಯಲು ಎಷ್ಟು ಹೊತ್ತಿದೆ ಎಂದು ಗಡಿಯಾರ ನೋಡುವವನು ನಾನು. ಮನೆಯಲ್ಲಿ ಕೂರುವುದು ನನಗೆ ಒಗ್ಗುತ್ತದೆ, ಅವಳಿಗೆ ಒಗ್ಗುವುದಿಲ್ಲ. ಆ ಕ್ಷಣ ನನಗೆ ಹೆಂಡತಿಯ ಮೇಲೆ ತುಂಬ ಪ್ರೀತಿ ಬಂತು ಎಂದು ನೇರವಾಗಿಯೇ ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೇಳಿಲ್ಲ. ಇಲ್ಲಿ ಬರೆದರೆ ಪರವಾಗಿಲ್ಲ, ನಾನು ಬರೆದದ್ದನ್ನು ಅವಳು ಓದುವುದಿಲ್ಲ.

ಕೆಳಗೆ ಟೈಮರ್ ಕೂಗಿತು. ನಾನು ಇಳಿದು ಬಂದೆ. ಆಂಡಾಳ್ ನನ್ನ ಮುಖ ನೋಡದೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಷಯಾ: ಅಂಕಲ್, ನಂಗೆ ಜರ್ನಲಿಸಂ ಅಂದ್ರೆ ತುಂಬಾ ಇಷ್ಟ. ಅದಕ್ಕೇ ಸೇರೋಣ ಅಂತಿದೀನಿ.

ಆಂಡಾಳ್ ಹತ್ತು ನಿಮಿಷ ಮಾತಾಡಿದ ಮೇಲೂ ಹುಡುಗಿ ಹೀಗನ್ನುತ್ತಿದ್ದಾಳೆ. ಪಾಪ, ನನ್ನ ಹೆಂಡತಿಗೆ ತನ್ನ ಕೋರ್ಸನ್ನು ಹೊಗಳಿಕೊಳ್ಳಲೂ ಬರುವುದಿಲ್ಲವಲ್ಲ ಎಂದು ಮರುಗಿದೆ. ಎಲ್ಲ ನನ್ನ ತಲೆಯ ಮೇಲೇ ಬಿತ್ತು.

ನಾನು: ಯಾಕಮ್ಮ ಅಷ್ಟೊಂದು ಇಷ್ಟ?

ಅಕ್ಷಯಾ: ಎಲ್ಲಾ ಕಡೆ ಓಡಾಡಬಹುದು. ಯಾರನ್ನ ಬೇಕಾದ್ರೂ ಪ್ರಶ್ನೆ ಕೇಳಬಹುದು.

ನಾನು: ನಾನು ಎರಡು ವರ್ಷ ಪತ್ರಿಕೆ ಆಫೀಸಲ್ಲಿದ್ದೆ. ಮೆಜೆಸ್ಟಿಕ್ ದಾಟಿ ಆಚೆ ಎಲ್ಲೂ ಕಳಿಸ್ಲಿಲ್ಲ. ಹವಾಮಾನ ಬರೀತಿದ್ದೆ.

ಅಕ್ಷಯಾ: ಹವಾಮಾನನಾ? ಇಂಟರೆಸ್ಟಿಂಗ್ ಆಗಿರುತ್ತಲ್ವಾ ಅಂಕಲ್?

ನಾನು: ಒಂದಿನ ಮರೆತು ಹಿಂದಿನ ದಿನದ್ದೇ ಹಾಕ್ಬಿಟ್ಟೆ. ಎರಡು ವರ್ಷದಲ್ಲಿ ಸರಿಯಾಗಿದ್ದು ಅವತ್ತೊಂದೇ ದಿನ.

ಅಕ್ಷಯಾ: ಕ್ಯಾಮೆರಾ ಎಲ್ಲಾ ಕಲಿಸ್ತೀರಾ?

ನಾನು: ಕ್ಯಾಮೆರಾ ಇದೆ, ಒಂದು. ಬೀರುವಿನಲ್ಲಿದೆ. ಬೀಗದ ಕೈ ಆಫೀಸಿನ ಗುಮಾಸ್ತ ಮರಿಯಣ್ಣನ ಹತ್ರ. ಎಲ್ಲಿ ಬೀಳಿಸಿಬಿಡ್ತಾರೋ ಅಂತ ಯಾರ ಕೈಗೂ ಕೊಡಲ್ಲ. ಪರೀಕ್ಷೆ ದಿನ ಬೀರು ಬಾಗಿಲು ತೆಗೆದು ದೂರದಿಂದ ದರ್ಶನ ಮಾಡಿಸ್ತಾರೆ.

ದಾಕ್ಷಾಯಣಮ್ಮ: ಅಂದ್ರೆ ಮೇಷ್ಟ್ರೇ, ಬೇಡ ಅಂತೀರಾ?

ನಾನು: ನನ್ನ ಮಗಳಾಗಿದ್ರೆ ಸೇರಿಸ್ತಿರಲಿಲ್ಲ. ಐಟಿ ಮ್ಯಾನೇಜ್‌ಮೆಂಟಿಗೆ ಹಾಕಿ. ಅದು ಚಿನ್ನದಂಥ ಕೋರ್ಸು.

ದಾಕ್ಷಾಯಣಮ್ಮ: ಅದರಲ್ಲಿ ಏನು ಹೇಳಿಕೊಡ್ತಾರೆ?

ಇಲ್ಲಿ ನಾನು ಸಿಕ್ಕಿಬಿದ್ದೆ. ಹನ್ನೊಂದು ವರ್ಷ ಎದುರು ಕೋಣೆಯಲ್ಲಿದ್ದೇನೆ. ಅವಳು ತರಕಾರಿ ಹೆಚ್ಚುತ್ತಾ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ್ದೇನೆ. ಅದೇನೆಂದು ಕೇಳಿಲ್ಲ.

ನಾನು: ಈಗ ಮಾಹಿತಿ ಅಂತ ಇರುತ್ತಲ್ಲಮ್ಮ?

ದಾಕ್ಷಾಯಣಮ್ಮ: ಹೂಂ.

ನಾನು: ಅದಕ್ಕೊಂದು ತಂತ್ರಜ್ಞಾನ ಇರುತ್ತೆ.

ದಾಕ್ಷಾಯಣಮ್ಮ: ಹೂಂ.

ನಾನು: ಅದನ್ನ ಹಾಗೇ ಬಿಟ್ಬಿಡೋಕಾಗುತ್ಯೇ? ನಿರ್ವಹಣೆ ಮಾಡಬೇಕು.

ಅಕ್ಷಯಾ: ಹೇಗೆ ಅಂಕಲ್?

ನಾನು: ಅದನ್ನೇ ಮೂರು ವರ್ಷ ಕಲಿಸ್ತಾರೆ.

ದಾಕ್ಷಾಯಣಮ್ಮನವರ ಬೆರಳು ತಿಕ್ಕುವುದನ್ನು ನಿಲ್ಲಿಸಿತು. "ನಿಮ್ಮ ಕೋರ್ಸನ್ನ ನೀವೇ ಬೇಡ ಅಂತೀರಲ್ಲ ಮೇಷ್ಟ್ರೇ, ನಿಮ್ಮಂಥೋರು ಈಗ ಎಲ್ಲಿ ಸಿಗ್ತಾರೆ" ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಂಡಾಳ್ ಪಕ್ಕದ ಮನೆಯಿಂದ ತಂದ ಕಾಫಿಪುಡಿಯಲ್ಲಿ ಕಾಫಿ ಮಾಡಿ ತಂದಳು. ಎಲ್ಲರೂ ಕುಡಿದೆವು.

ಮರುದಿನ ಮಧ್ಯಾಹ್ನ ಮೂರೂವರೆಗೆ ನಾವಿಬ್ಬರೂ ಕಾಲೇಜಿನ ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂತಿದ್ದೆವು, ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವವರಂತೆ. ಕಿಟಕಿಯ ಆಚೆ ಮರಿಯಣ್ಣ ಅರ್ಜಿಗಳನ್ನು ಜೋಡಿಸುತ್ತಿದ್ದರು.

ನಾನು: ಯೋಚನೆ ಮಾಡಬೇಡ. ಅವಳು ನಿನ್ನ ಕಡೆಗೇ ಬರ್ತಾಳೆ.

ಆಂಡಾಳ್: ನಿಮ್ಮ ಕಡೆಗೇ ಬರೋದು.

ನಾನು: ನಿನ್ನ ಕಡೆಗೆ ಅಂತ ಹೇಳ್ತಿದೀನಲ್ಲ.

ಆಂಡಾಳ್: ಅಣಕಿಸಬೇಡಿ ರೀ. ಗೆದ್ದೋರು ಸುಮ್ನೆ ಬಾಯಿ ಮುಚ್ಕೊಂಡು ಕೂರಬೇಕು.

ನಾನು: ಗೆದ್ದೋಳು ನೀನು! ನನ್ನನ್ನ ಯಾಕೆ ಅಂತೀಯ?

ಆಂಡಾಳ್: ನಾನು ಹೇಗ್ರೀ ಗೆಲ್ತೀನಿ? ನಾನು ಅವಳಿಗೆ...

ನಾನು: ಅವಳಿಗೆ ಏನು?

ಆಂಡಾಳ್: ನಿಯಮ ಮೂರು. ಕೇಳೋ ಹಾಗಿಲ್ಲ.

ನಾನು: ಹಾಗಾದ್ರೆ ನಾನೂ ಹೇಳಲ್ಲ. ಆದ್ರೆ ಅವಳು ನಿನ್ನ ಕಡೆಗೇ ಬರೋದು.

ಆಂಡಾಳ್: ಇನ್ನೊಂದು ಸಲ ಹೇಳಿದ್ರೆ ಎದ್ದು ಹೋಗ್ತೀನಿ.

ಅವಳು ಏಳುವ ಮೊದಲೇ ಗೇಟಿನಲ್ಲಿ ದಾಕ್ಷಾಯಣಮ್ಮ, ಹಿಂದೆ ಅಕ್ಷಯಾ ಕಾಣಿಸಿದರು. ಸೀದಾ ಮರಿಯಣ್ಣನ ಕಿಟಕಿಗೆ ಹೋಗಿ, ಅರ್ಜಿ ಕೊಟ್ಟು, ರಸೀದಿ ಹಿಡಿದು ನಮ್ಮ ಹತ್ತಿರ ಬಂದರು. ಕೈಯಲ್ಲಿ ಪೇಡದ ಡಬ್ಬಿಯಿತ್ತು.

ದಾಕ್ಷಾಯಣಮ್ಮ: ಸೇರಿಸಿಬಿಟ್ವಿ! ಎಲ್ಲಾ ನಿಮ್ಮಿಬ್ಬರ ದಯೆ.

ನಾನು ಎದ್ದು ಆಂಡಾಳ್ ಕೈ ಹಿಡಿದು "ಕಂಗ್ರಾಜುಲೇಷನ್ಸ್" ಎಂದೆ. ಅದೇ ಹೊತ್ತಿಗೆ ಅವಳು ನನ್ನ ಕೈ ಹಿಡಿದು "ಕಂಗ್ರಾಜುಲೇಷನ್ಸ್" ಎಂದಳು. ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಇಬ್ಬರೂ ದಾಕ್ಷಾಯಣಮ್ಮನವರ ಕಡೆ ತಿರುಗಿದೆವು.

ಆಂಡಾಳ್: ಯಾವ ಕೋರ್ಸಿಗೆ?

ಅಕ್ಷಯಾ: ಬಿ.ಕಾಂ., ಆಂಟಿ.

ಮರಿಯಣ್ಣ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಬಿ.ಕಾಂ.ಗೆ ಆಗಲೇ ನೂರಾ ಮೂವತ್ತು ಮಂದಿ ಇದ್ದರು.

ನಾನು: ಬಿ.ಕಾಂ. ಯಾಕೆ?

ದಾಕ್ಷಾಯಣಮ್ಮ: ಮತ್ತೇನು ಮಾಡೋದು ಮೇಷ್ಟ್ರೇ? ನಮ್ಮನೆಯೋರಿಗೆ ಹೋಗಿ ಎಲ್ಲಾ ಹೇಳ್ದೆ. ಅವರಂದ್ರು, "ನೋಡು, ಅಂಗಡಿಯೋನೇ ಈ ಮೂಟೆ ತಗೋಬೇಡಿ ಅಂತ ಬಾಯಿಬಿಟ್ಟು ಹೇಳಿದ್ಮೇಲೆ ತಗೊಳ್ಳೋರುಂಟೇ? ಜರ್ನಲಿಸಂ ಮೇಷ್ಟ್ರು ಜರ್ನಲಿಸಂ ಬೇಡ ಅಂದ್ರು. ಐಟಿ ಮೇಡಮ್ಮು ಐಟಿ ಬೇಡ ಅಂದ್ರು. ಎರಡೂ ಬಿಟ್ಟಾಕು" ಅಂತ.

ನಾನು: ಐಟಿ ಮೇಡಮ್ಮು ಏನಂದ್ರು?

ಅಕ್ಷಯಾ: ಆಂಟಿ ಎಷ್ಟು ಓಪನ್ ಆಗಿ ಹೇಳಿದ್ರು ಗೊತ್ತಾ ಅಂಕಲ್? ಲ್ಯಾಬಲ್ಲಿ ಕಂಪ್ಯೂಟರ್ ಆನ್ ಆಗೋ ಹೊತ್ತಿಗೆ ಪೀರಿಯಡ್ಡೇ ಮುಗಿಯುತ್ತೆ ಅಂದ್ರು. ಜರ್ನಲಿಸಂ ಓದು, ಅಂಕಲ್ ಥರ ಪಾಠ ಮಾಡೋರು ಈ ಊರಲ್ಲಿಲ್ಲ ಅಂದ್ರು.

ನಾನು ಆಂಡಾಳ್ ಕಡೆ ನೋಡಿದೆ. ಅವಳು ನೆಲದ ಕಡೆ ನೋಡುತ್ತಿದ್ದಳು.

ಆಂಡಾಳ್: ಅಂಕಲ್ ಏನಂದ್ರು?

ದಾಕ್ಷಾಯಣಮ್ಮ: ನಿಮ್ಮ ಕೋರ್ಸು ಚಿನ್ನ ಅಂದ್ರು. ಆದ್ರೆ ಅದೇನು ಅಂತ ಅವರಿಗೆ ಗೊತ್ತಿರಲಿಲ್ಲ ಅನ್ಸುತ್ತೆ.

ನಾನು: ಬಿ.ಕಾಂ. ಚೆನ್ನಾಗಿದೆ ಅಂತ ಯಾರಂದ್ರು?

ದಾಕ್ಷಾಯಣಮ್ಮ: ಬಿ.ಕಾಂ. ಹೇಳಿಕೊಡ್ತಾರಲ್ಲ ಪ್ರಸನ್ನ ಅಂತ, ಅವರೇ. ಬೆಳಿಗ್ಗೆ ಫೋನಲ್ಲಿ ಕೇಳಿದ್ದಕ್ಕೆ ಅರ್ಧ ಗಂಟೆ ಹೊಗಳಿದ್ರು. ನಂಗೇನು ಅಷ್ಟು ನಂಬಿಕೆ ಬರ್ಲಿಲ್ಲ. ಬೇರೆ ಯಾವ್ದೂ ಉಳಿದಿರ್ಲಿಲ್ಲವಲ್ಲ. ತಗೊಳ್ಳಿ, ಪೇಡ ತಗೊಳ್ಳಿ.

ತಾಯಿ ಮಗಳು ಗೇಟಿನ ಕಡೆ ನಡೆದರು. ನಾವು ಪೇಡ ಹಿಡಿದು ನಿಂತೆವು.

ಆಂಡಾಳ್: ಯಾಕೆ ಹಾಗೆ ಮಾಡಿದ್ರಿ?

ನಾನು: ಟೆರೇಸಲ್ಲಿ ಪರದೆ ನೋಡಿದೆ. ಕೆಲಸ ಹೋಗುತ್ತೆ ಅಂತ ನಿನಗೆ ಸಂಕಟ ಆಗಿದೆ ಅಂದ್ಕೊಂಡೆ.

ಆಂಡಾಳ್: ನನ್ನ ಕೆಲಸಕ್ಕೆ ಯಾಕೆ ಸಂಕಟ? ನಂಗೆ ಎಲ್ಲಾದ್ರೂ ಸಿಗುತ್ತೆ. ನಿಮಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ ಅಂತ ಯೋಚಿಸ್ತಾ ಯೋಚಿಸ್ತಾ ಒಗೆದಿದ್ದು ಅದು.

ನಾನು ಪೇಡ ಬಾಯಿಗೆ ಹಾಕಿಕೊಂಡೆ. ಎಂಟು ಪರದೆ, ಎಲ್ಲವೂ ನನ್ನ ಹೆಸರಿನಲ್ಲಿ. ನನ್ನ ಯೋಗ್ಯತೆಯನ್ನು ಇಷ್ಟು ಸರಿಯಾಗಿ ತಿಳಿದವಳೊಬ್ಬಳು ನನ್ನ ಜೊತೆ ಇಪ್ಪತ್ತೆರಡು ವರ್ಷ ಇದ್ದಾಳೆ, ತಿಳಿದೂ ಇದ್ದಾಳೆ. "ನನ್ನ ಥರ ಪಾಠ ಮಾಡೋರು ಊರಲ್ಲಿಲ್ಲ ಅಂದ್ಯಂತೆ" ಎಂದೆ. "ಸುಳ್ಳೇನಲ್ಲವಲ್ಲ" ಎಂದಳು. ಅದನ್ನು ಯಾವ ಅರ್ಥದಲ್ಲಿ ಅಂದಳೋ ಕೇಳಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಮಾತ್ರ ನೋಡಿದೆ.

ಅಷ್ಟರಲ್ಲಿ ಮರಿಯಣ್ಣ ಗೋಂದಿನ ಡಬ್ಬಿ ಹಿಡಿದು ಬಂದು ನೋಟೀಸು ಅಂಟಿಸಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ವಿಶ್ವವಿದ್ಯಾಲಯ ಪ್ರವೇಶದ ಕೊನೆಯ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿತ್ತು. ಪ್ರತಿ ವರ್ಷವೂ ಹಾಕುತ್ತದೆ. ಪ್ರತಿ ವರ್ಷವೂ ನಾವು ಇದೇ ಕೊನೆಯ ದಿನ ಎಂದು ನಂಬಿ ಸಾಯುತ್ತೇವೆ.

ಗೇಟಿನವರೆಗೆ ಹೋಗಿದ್ದ ದಾಕ್ಷಾಯಣಮ್ಮ ಅದನ್ನು ಕೇಳಿ ಹಿಂದಿರುಗಿ ಬಂದರು.

ದಾಕ್ಷಾಯಣಮ್ಮ: ಇನ್ನೂ ಒಂದು ವಾರ ಇದ್ಯಾ? ಹಾಗಾದ್ರೆ ಶೇಷಾದ್ರಿಪುರಂನಲ್ಲಿ ನಮ್ಮ ತಂಗಿ ಮಗಳು ಆರಾಧನಾ ಅಂತ ಇದಾಳೆ. ಅವಳೂ ಎಲ್ಲೂ ಸೇರಿಲ್ಲ. ಭಾನುವಾರ ನಾಲ್ಕು ಗಂಟೆಗೆ ಕರ್ಕೊಂಡು ಬರ್ಲಾ? ನಿಮ್ಮಷ್ಟು ನಿಜ ಹೇಳೋರು ಬೇರೆ ಸಿಗಲ್ಲ.

ಇಬ್ಬರೂ ಒಟ್ಟಿಗೆ "ಬನ್ನಿ, ಬನ್ನಿ" ಎಂದೆವು. ಅವರು ಹೋದ ಮೇಲೆ ನಾವೂ ಮನೆಯ ದಾರಿ ಹಿಡಿದೆವು.

ನಾನು: ಈ ಹುಡುಗಿ ನಿನಗೆ. ಮಾತಿಲ್ಲ.

ಆಂಡಾಳ್: ನಿಮಗೆ.

ನಾನು: ನಿನಗೆ ಅಂದೆ.

ಆಂಡಾಳ್: ಇನ್ನೊಂದು ಬಿ.ಕಾಂ. ಆಗುತ್ತೆ ಅಷ್ಟೇ. ಪ್ರಸನ್ನ ನಮಗೆ ಹಾರ ಹಾಕ್ತಾರೆ. ಬೇಡ ರೀ. ಈ ಸಲ ಅವರವರ ಕೋರ್ಸನ್ನ ಅವರವರೇ ಹೊಗಳೋಣ.

ನಾನು: ಯೋಚನೆ ಮಾಡು. ನಾನು ಮನಸ್ಸಿಟ್ಟು ಹೊಗಳೋಕೆ ಶುರು ಮಾಡಿದ್ರೆ ನಿನ್ನ ಗತಿ ಏನು?

ಆಂಡಾಳ್: ಹೊಗಳಿ. ಪೂರ್ತಿ ಹತ್ತು ನಿಮಿಷ ಹೊಗಳಿ, ನನ್ನ ಹತ್ತೂ ನಿಮಗೇ ಕೊಡ್ತೀನಿ. ನೀವು ಇಪ್ಪತ್ತು ನಿಮಿಷ ಹೊಗಳಿದ್ರೆ ಆ ಹುಡುಗಿ ಖಂಡಿತ ನನ್ನ ಕಡೆಗೇ ಬರ್ತಾಳೆ.